ಬೆಟ್ಟ ಇಳಿಯುವಾಗ ಬ್ರೇಕ್ ವಾಸನೆ, ಪೆಡಲ್ ಮೆತ್ತಗೆ: ತಪ್ಪು ಕಾರಿನದೋ ಕಾಲಿನದೋ?

ತುಮಕೂರು_ಮೂರನೇಗೇರು:

ಎಲ್ಲರಿಗೂ ನಮಸ್ಕಾರ. ಗಾಡಿ 1.2 ಪೆಟ್ರೋಲ್ ಹ್ಯಾಚ್‌ಬ್ಯಾಕ್, 5 ಗೇರ್ ಮ್ಯಾನುಯಲ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇದೆ. 2019ರ ಮಾಡೆಲ್, ಓಡಿರೋದು 58,000 ಕಿ.ಮೀ. ಪ್ಯಾಡ್ ಒಂದು ಸಲ ಬದಲಾಗಿದೆ. ಬ್ರೇಕ್ ಆಯಿಲ್ ಬದಲಿಸಿದ ದಾಖಲೆ ಬಿಲ್ಲುಗಳಲ್ಲಿ ಎಲ್ಲೂ ಸಿಗ್ತಿಲ್ಲ, ಟಾಪ್‌ಅಪ್ ಮಾತ್ರ ಇದೆ.

ದಿನದ ಓಟ ತುಮಕೂರು–ದಾಬಸ್‌ಪೇಟೆ. ಹೈವೇಯಲ್ಲಿ ಬ್ರೇಕ್ ಬಗ್ಗೆ ಒಂದು ಮಾತೂ ಆಡೋ ಹಾಗಿಲ್ಲ, ಚೆನ್ನಾಗಿದೆ. ತೊಂದರೆ ಬರೋದು ಬೆಟ್ಟದಲ್ಲಿ. ನಾಲ್ಕು ಜನ ಕೂತು ನಂದಿಬೆಟ್ಟ ಇಳಿಯುವಾಗ ಅರ್ಧ ದಾರಿಗೆ ಸುಟ್ಟ ವಾಸನೆ ಶುರು. ಇನ್ನೂ ಸ್ವಲ್ಪ ಕೆಳಗೆ ಬಂದರೆ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುತ್ತೆ, ಎರಡು ಸಲ ಒತ್ತಿದರೆ ಹಿಡಿಯುತ್ತೆ. ಕೆಳಗೆ ಇಪ್ಪತ್ತು ನಿಮಿಷ ನಿಲ್ಲಿಸಿದರೆ ಎಲ್ಲ ಮೊದಲಿನ ಹಾಗೆ. ದೇವರಾಯನದುರ್ಗದಲ್ಲಿ ಬರೀ ವಾಸನೆ, ಪೆಡಲ್ ಸರಿ ಇರುತ್ತೆ. ವಾಸನೆ ಬಲಗಡೆ ಮುಂದಿನ ಚಕ್ರದ ಹತ್ತಿರ ಜಾಸ್ತಿ.

ಇಳಿಯೋದು ಮೂರನೇ ಗೇರಲ್ಲಿ, ಕಾಲು ಬ್ರೇಕ್ ಮೇಲೆ. ಇಳಿಜಾರು ಕಡಿಮೆ ಇರೋ ಕಡೆ ಮೈಲೇಜಿಗೆ ಅಂತ ನ್ಯೂಟ್ರಲ್.

ಒಂದು ಗ್ಯಾರೇಜಲ್ಲಿ "ಡಿಸ್ಕು, ಪ್ಯಾಡು ಎರಡೂ ಹೊಸದು ಹಾಕಿಸಿ" ಅಂತಿದಾರೆ. ಕೇಳಬೇಕಾಗಿರೋದು ಇಷ್ಟು: ಡಿಸ್ಕ್ ನಿಜವಾಗ್ಲೂ ಬದಲಿಸಬೇಕಾ? ಯಾವ ಗೇರಲ್ಲಿ ಇಳಿಯಬೇಕು? ನ್ಯೂಟ್ರಲ್‌ನಲ್ಲಿ ಮೈಲೇಜ್ ಬರುತ್ತೆ ಅನ್ನೋದು ನಿಜಾನಾ? ಮನೆಯಲ್ಲಿ ಇನ್ನೊಂದು ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸೋ) ಗಾಡಿ ಇದೆ, ಅದರಲ್ಲಿ ಇಳಿಯೋದು ಹೇಗೆ?

---

ಬಲಗಾಲು_ಹಗುರ:

ಸರ್, ಡಿಸ್ಕಿಗೆ ಈಗಲೇ ಕೈ ಹಾಕಬೇಡಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ: ಪೆಡಲ್ *ಮೆತ್ತಗಾಯ್ತು*, ಆರಿದ ಮೇಲೆ *ಸರಿಹೋಯ್ತು*, ಆಯಿಲ್ ಬದಲಿಸಿದ *ದಾಖಲೆ ಇಲ್ಲ*. ಮೂರನ್ನೂ ಒಟ್ಟಿಗೆ ಓದಿದರೆ ಅದು ಹಳೇ ಬ್ರೇಕ್ ಆಯಿಲ್ ಕುದ್ದಿರೋದು.

ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರಿಕೊಳ್ಳುತ್ತೆ, ಅದು ಅದರ ಗುಣ. ಡಾಟ್ ಅನ್ನೋದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ಹೊಸದಿದ್ದಾಗ ಕುದಿಬಿಂದು ಕನಿಷ್ಠ 205 ಡಿಗ್ರಿ ಇರಬೇಕು ಅಂತ ಲೆಕ್ಕ. 3.7 ಶೇಕಡಾ ನೀರು ಸೇರಿದರೆ ಅದೇ 140ಕ್ಕೆ ಇಳಿಯುತ್ತೆ. ಡಾಟ್ 4 ಆದರೆ 230, ನೀರು ಸೇರಿದಾಗ 155. ಇಳಿಜಾರಲ್ಲಿ ಕಾಯ್ದ ಪ್ಯಾಡಿನಿಂದ ಶಾಖ ಅದನ್ನ ತಳ್ಳೋ ಬ್ರೇಕ್ ಪಿಸ್ಟನ್‌ಗೆ, ಪಿಸ್ಟನ್‌ನಿಂದ ಆಯಿಲ್‌ಗೆ ಹೋಗುತ್ತೆ. ಆಯಿಲ್ ಕುದ್ದರೆ ಲೈನಲ್ಲಿ ಆವಿಯ ಗುಳ್ಳೆ. ದ್ರವವನ್ನ ಅದುಮೋಕೆ ಆಗಲ್ಲ, ಗುಳ್ಳೆಯನ್ನ ಅದುಮಬಹುದು. ನೀವು ಒತ್ತಿದ ಬಲ ಎಲ್ಲ ಗುಳ್ಳೆ ಅಮುಕೋಕೇ ಖರ್ಚು, ಪ್ಯಾಡಿಗೆ ಏನೂ ಮುಟ್ಟಲ್ಲ. ಎರಡನೇ ಸಲ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಇನ್ನಷ್ಟು ಆಯಿಲ್ ತಳ್ಳೋದ್ರಿಂದ ಹಿಡಿಯೋದು. ಆರಿದಾಗ ಆವಿ ಮತ್ತೆ ದ್ರವ ಆಗುತ್ತೆ, ಪೆಡಲ್ ಗಟ್ಟಿ. ಅದಕ್ಕೇ ಗ್ಯಾರೇಜಿಗೆ ಹೋಗೋ ಹೊತ್ತಿಗೆ ಗಾಡಿಯಲ್ಲಿ ರೋಗವೇ ಕಾಣಿಸಲ್ಲ, ಅವರು ಕಣ್ಣಿಗೆ ಕಾಣೋ ಡಿಸ್ಕನ್ನ ಬದಲಿಸಿ ಅಂತಾರೆ. ಬೆಟ್ಟ ಅಗೆದು ಇಲಿ ಹಿಡಿಯೋ ಕೆಲಸ.

ಬೇರೆ ಕಾಯಿಲೆಗಳನ್ನ ಹೀಗೆ ಬೇರೆ ಮಾಡಿ ನೋಡಿ.

ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದರೂ ಗಾಡಿ ನಿಲ್ತಿಲ್ಲ ಅಂದ್ರೆ ಅದು ಆಯಿಲ್ ಅಲ್ಲ, ಪ್ಯಾಡ್ ಫೇಡ್ (ಪ್ಯಾಡ್ ಕಾಯ್ದು ಹಿಡಿತ ಕಳೆದುಕೊಳ್ಳೋದು). ಪ್ಯಾಡಲ್ಲಿರೋ ಅಂಟು ಕಾಯ್ದು ಮೇಲ್ಮೈ ಗಾಜಿನ ಹಾಗೆ ನುಣುಪಾಗಿರುತ್ತೆ.

ತಣ್ಣಗಿದ್ದಾಗಲೂ ಪೆಡಲ್ ಕಲ್ಲಿನ ಹಾಗಿದ್ರೆ ವ್ಯಾಕ್ಯೂಮ್ ಬೂಸ್ಟರ್ (ಕಾಲಿನ ಒತ್ತಿಗೆ ಬಲ ಸೇರಿಸೋ ಭಾಗ) ಅಥವಾ ಅದರ ಪೈಪ್ ನೋಡಬೇಕು. ಪರೀಕ್ಷೆ ಸುಲಭ: ಎಂಜಿನ್ ಆಫ್ ಮಾಡಿ ಪೆಡಲನ್ನ ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡಿಕೊಳ್ಳಿ, ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಒಂಚೂರು ತಾನಾಗೇ ಕೆಳಗೆ ಇಳಿದರೆ ಬೂಸ್ಟರ್ ಕೆಲಸ ಮಾಡ್ತಿದೆ.

ಸಿಗ್ನಲ್‌ನಲ್ಲಿ ಒಂದೇ ಸಮ ಒತ್ತಿ ನಿಂತಿರುವಾಗ ಪೆಡಲ್ ನಿಧಾನಕ್ಕೆ ನೆಲಕ್ಕೆ ಇಳಿಯುತ್ತಾ ಹೋದ್ರೆ ಎಲ್ಲೋ ಲೀಕ್ ಇದೆ, ಹೊರಗೆ ಹನಿ ಇಲ್ಲದಿದ್ರೆ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್. ಅಂಥ ಗಾಡೀನ ಬೆಟ್ಟಕ್ಕಲ್ಲ, ತರಕಾರಿ ತರೋಕೂ ತಗೊಂಡು ಹೋಗಬೇಡಿ.

ಬಲಗಡೆ ಮಾತ್ರ ವಾಸನೆ ಜಾಸ್ತಿ ಅಂದ್ರಲ್ಲ, ಅದು ಬೇರೆ ವಿಷಯ. ಆ ಕಡೆ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಹಿಡಿಕೆ) ಜಾರಾಡೋ ಸ್ಲೈಡ್ ಪಿನ್ ಜಾಮ್ ಆಗಿರಬಹುದು: ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕನ್ನ ಸವರುತ್ತಲೇ ಇರುತ್ತೆ. ಹೈವೇಯಲ್ಲಿ ಬ್ರೇಕ್ ಅಷ್ಟಾಗಿ ಮುಟ್ಟದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಎಡ ಬಲ ಎರಡೂ ರಿಮ್ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ತಿರ ಸಾಕು. ಒಂದು ಕಡೆ ಮಾತ್ರ ಕಾವು ಬಡಿದರೆ ಅದೇ ಕಳ್ಳ.

ಡಿಸ್ಕ್ ಬದಲಿಸಬೇಕಾ ಅನ್ನೋದನ್ನ ಬಾಯಲ್ಲಿ ಹೇಳಬಾರದು, ಅಳೆಯಬೇಕು. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಡಿಸ್ಕ್ ಮೇಲೇ ಅಚ್ಚು ಹಾಕಿರ್ತಾರೆ. ಮೈಕ್ರೋಮೀಟರ್ ಇಟ್ಟು ಅಳೆದು ತೋರಿಸೋಕೆ ಹೇಳಿ. ಅದಕ್ಕಿಂತ ದಪ್ಪ ಇದ್ದು, ಆಳವಾದ ಗೀರು, ಬಿರುಕು ಇಲ್ಲದೆ, ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗದೆ ಇದ್ರೆ ಡಿಸ್ಕ್ ಇನ್ನೂ ಬಾಳುತ್ತೆ. ಪ್ಯಾಡಿನ ಲೈನಿಂಗ್ 3 ಮಿ.ಮೀ.ಗೆ ಬಂದಿದ್ರೆ ಪ್ಯಾಡ್ ಬದಲಿಸಿ, ಅದರಲ್ಲಿ ಚೌಕಾಸಿ ಬೇಡ.

---

ಮಧುಗಿರಿ_ಮೈಲೇಜ್:

ಮೇಲಿನವರು ಹೇಳಿದ್ದು ಸರಿ. ನ್ಯೂಟ್ರಲ್ ಬಗ್ಗೆ ಒಂದು ಮಾತು. ಅದು ಪೂರ್ತಿ ಸುಳ್ಳೇನಲ್ಲ. ಸಿರಾ ರೋಡಲ್ಲಿ ಸಿಗೋ ಉದ್ದನೆಯ, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಲ್ಲಿ ಗೇರಲ್ಲಿ ಬಿಟ್ಟರೆ ಎಂಜಿನ್ ಹಿಡಿದು ವೇಗ ಇಳಿಯುತ್ತೆ, ಮತ್ತೆ ಆಕ್ಸಿಲರೇಟರ್ ಕೊಡಬೇಕು. ನ್ಯೂಟ್ರಲ್‌ನಲ್ಲಿ ಇನ್ನೂ ಅರ್ಧ ಕಿಲೋಮೀಟರ್ ಹೋಗುತ್ತೆ. ಲೆಕ್ಕ ಹಾಕಿದ್ರೆ ಅಲ್ಲಿ ಉಳಿತಾಯ ಇದ್ದೇ ಇದೆ. ಎಲ್ಲರೂ "ನ್ಯೂಟ್ರಲ್ ಮಹಾಪಾಪ" ಅಂತ ಒಂದೇ ರಾಗ ಹಾಡ್ತಾರೆ, ಅಷ್ಟೇ.

---

ಚಿಕ್ಕಬಳ್ಳಾಪುರ_44:

@ಮಧುಗಿರಿ_ಮೈಲೇಜ್ ಅಣ್ಣ, ಆ ಸಣ್ಣ ಇಳಿಜಾರಿನ ಲೆಕ್ಕ ಒಪ್ಪಿದೆ. ಆದ್ರೆ ಪ್ರಶ್ನೆ ಕೇಳಿದವರು ಬ್ರೇಕ್ ಒತ್ತಬೇಕಾದ ಇಳಿಜಾರಲ್ಲಿ ನ್ಯೂಟ್ರಲ್ ಹಾಕ್ತಿದಾರೆ. ಬ್ರೇಕ್ ಒತ್ತಬೇಕಾಗಿ ಬಂತು ಅಂದ್ಮೇಲೆ ಅಲ್ಲಿ ಉಳಿಸೋಕೆ ಏನೂ ಇಲ್ಲ. ಇವತ್ತಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲ್ ಹಾಕೋದನ್ನೇ ನಿಲ್ಲಿಸುತ್ತೆ, ಚಕ್ರವೇ ಎಂಜಿನ್ ತಿರುಗಿಸ್ತಾ ಇರುತ್ತೆ. ಆರ್‌ಪಿಎಂ ಐಡ್ಲಿಂಗ್ ಹತ್ತಿರ ಬಂದಾಗ ಮಾತ್ರ ಮತ್ತೆ ಪೆಟ್ರೋಲ್ ಬರೋದು. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಬೇಕೇ ಬೇಕು. ನ್ಯೂಟ್ರಲ್ ಅಭ್ಯಾಸ ಕಾರ್ಬುರೇಟರ್ ಕಾಲದ್ದು, ಆಗ ಅದಕ್ಕೊಂದು ಅರ್ಥ ಇತ್ತು.

ಇನ್ನು ಬೆಟ್ಟದ ಲೆಕ್ಕಕ್ಕೆ ಬರೋಣ. ನಂದಿಬೆಟ್ಟದ ತುದಿ 1478 ಮೀಟರ್, ಚಿಕ್ಕಬಳ್ಳಾಪುರ ಊರು 915 ಮೀಟರ್ ಆಸುಪಾಸು. ಬುಡಕ್ಕೆ ಇಳಿದದ್ದು 500 ಮೀಟರ್ ಅಂತ ಇಟ್ಕೊಳ್ಳಿ. ನಾಲ್ಕು ಜನ ಸೇರಿ ಗಾಡಿ ತೂಕ 1300 ಕೆ.ಜಿ. ಎತ್ತರದಿಂದ ಇಳಿದಾಗ ಎಲ್ಲೋ ಕರಗಬೇಕಾದ ಶಕ್ತಿ ಸುಮಾರು 64 ಲಕ್ಷ ಜೂಲ್. ಇದು ಇಪ್ಪತ್ತು ಲೀಟರ್ ತಣ್ಣೀರನ್ನ ಕುದಿಸೋಷ್ಟು ಶಾಖ, ಅಂದ್ರೆ ಒಂದು ಸ್ನಾನದ ಹಂಡೆ. ಟೈರು, ಗಾಳಿ ಸ್ವಲ್ಪ ಪಾಲು ತಿಂತಾವೆ. ಉಳಿದದ್ದನ್ನ ಒಂದೋ ಎಂಜಿನ್ ಹೊರಬೇಕು, ಇಲ್ಲಾ ಬ್ರೇಕ್ ಹೊರಬೇಕು. ನ್ಯೂಟ್ರಲ್ ಹಾಕಿದ್ರೆ ಎಂಜಿನ್ ಪಾಲು ಸೊನ್ನೆ, ಆ ಹಂಡೆ ಪೂರ್ತಿ ಬ್ರೇಕಿನ ಒಲೆ ಮೇಲೆ. ಅದರಲ್ಲೂ ಹೆಚ್ಚು ಭಾರ ಬೀಳೋದು ಮುಂದಿನ ಎರಡು ಚಕ್ರಕ್ಕೆ. ದೇವರಾಯನದುರ್ಗ ಸುಮಾರು 1200 ಮೀಟರ್, ತುಮಕೂರು 800ರ ಮೇಲೆ, ಇಳಿತ ಕಡಿಮೆ. ಅದಕ್ಕೇ ಅಲ್ಲಿ ನಿಮಗೆ ವಾಸನೆಯಲ್ಲೇ ಮುಗಿದಿದೆ, ಆಯಿಲ್ ಕುದಿಯೋವರೆಗೆ ಹೋಗಿಲ್ಲ.

ಇಳಿಯೋ ರೀತಿ:

ಇಳಿಯೋಕೆ ಶುರು ಮಾಡೋ ಮೊದಲೇ, ಸಮತಟ್ಟಿನಲ್ಲೇ ಎರಡನೇ ಗೇರ್ ಹಾಕಿ. ಅರ್ಧ ಇಳಿದು ವೇಗ ಏರಿದ ಮೇಲೆ ಗೇರ್ ಇಳಿಸೋಕೆ ಹೋದ್ರೆ ಕ್ಲಚ್ ಒತ್ತಿದ ಆ ಎರಡು ಸೆಕೆಂಡು ಗಾಡಿ ಇನ್ನಷ್ಟು ಓಡುತ್ತೆ. ಎರಡನೇ ಗೇರಲ್ಲಿ 30ಕ್ಕೆ ನಿಮ್ಮ ಥರದ ಗಾಡಿಯಲ್ಲಿ ಸುಮಾರು 2300–2500 ಆರ್‌ಪಿಎಂ, 40ಕ್ಕೆ 3200 ಹತ್ತಿರ. ಎಂಜಿನ್ ಗುಯ್ ಅನ್ನುತ್ತೆ, ಅನ್ನಲಿ. ಪೆಟ್ರೋಲ್ ಎಂಜಿನ್ 6000 ತಡಿಯೋಕೆ ಮಾಡಿರೋದು, 3500ಕ್ಕೆ ಏನೂ ಆಗಲ್ಲ. ಪಕ್ಕದಲ್ಲಿ ಕೂತವರು "ಗೇರ್ ಹಾಕೋ, ಎಂಜಿನ್ ಅರಚ್ತಿದೆ" ಅಂದ್ರೂ ಕಿವಿಗೆ ಹಾಕ್ಕೋಬೇಡಿ.

ಕಾಲು ಬ್ರೇಕ್ ಮೇಲೆ *ಊರಿ* ಇಡಬೇಡಿ. ವೇಗ 35–40 ಮುಟ್ಟಿತು ಅಂದ್ರೆ ಗಟ್ಟಿಯಾಗಿ ಒತ್ತಿ 25ಕ್ಕೆ ತನ್ನಿ, ಪೂರ್ತಿ ಬಿಡಿ. ಮತ್ತೆ ಏರಲಿ, ಮತ್ತೆ ಒತ್ತಿ, ಬಿಡಿ. ಬಿಟ್ಟಿರೋ ಹೊತ್ತಲ್ಲಿ ಡಿಸ್ಕಿಗೆ ಗಾಳಿ ಆಡುತ್ತೆ. ಸದಾ ಮೆಲ್ಲಗೆ ಒತ್ಕೊಂಡೇ ಬಂದ್ರೆ ಒಟ್ಟು ಶಾಖ ಹೆಚ್ಚುಕಡಿಮೆ ಅಷ್ಟೇ ಇರಬಹುದು, ಆದ್ರೆ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಇರೋದ್ರಿಂದ ಆರೋಕೆ ಸಮಯವೇ ಸಿಗಲ್ಲ. ತಿರುವಿಗೆ ಬ್ರೇಕ್ ಹಾಕೋದು ತಿರುವಿನ ಮೊದಲು, ನೇರ ಇರುವಾಗಲೇ.

ಎಂಜಿನ್ ಹಿಡಿದಾಗ ಹಿಂದಿನ ಬ್ರೇಕ್ ಲೈಟ್ ಹತ್ತಲ್ಲ. ಹಿಂದೆ ಬೈಕ್ ಅಂಟಿಕೊಂಡು ಬರ್ತಿದ್ರೆ ಪೆಡಲ್ ಮೇಲೆ ಹಗುರಕ್ಕೆ ಒಮ್ಮೆ ಕಾಲು ತಾಗಿಸಿ ಸುಳಿವು ಕೊಡಿ. ಸೂರ್ಯೋದಯ ನೋಡಿ ಇಳಿಯೋ ಜನರಲ್ಲಿ ಅರ್ಧ ಬೈಕಿನವರೇ.

ರಸ್ತೆ ಕಿರಿದಾಗಿ ಎರಡು ಗಾಡಿಗೆ ಜಾಗ ಸಾಲದಿದ್ರೆ ಇಳಿಯೋರು ನಿಂತು ಹತ್ತೋರಿಗೆ ದಾರಿ ಬಿಡಬೇಕು. ಇದು ಔದಾರ್ಯ ಅಲ್ಲ, ರಸ್ತೆ ನಿಯಮ. ದೇವರಾಯನದುರ್ಗದ ಮೇಲಿನ ದೇವಸ್ಥಾನದ ಕಡೆ ಇದು ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಮಂಜು ಇದ್ರೆ ಲೋ ಬೀಮ್. ಹೈ ಬೀಮ್ ಹಾಕಿದ್ರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್. ಓಡೋ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕ್ಕೊಂಡು ಬರೋರಿಗೆ ಏನು ಹೇಳೋದು? ಎಡಕ್ಕೆ ತಿರುಗ್ತಾರೋ ಬಲಕ್ಕೋ ಹಿಂದಿನವನಿಗೆ ಹೇಗೆ ಗೊತ್ತಾಗಬೇಕು?

ಎಎಂಟಿ: ಡಿ ಮೋಡ್‌ನಲ್ಲಿ ಬಿಟ್ಟರೆ ವೇಗ ಏರಿದ ಹಾಗೆ ಅದೇ ಮೇಲಿನ ಗೇರಿಗೆ ಹೋಗುತ್ತೆ, ಎಂಜಿನ್ ಹಿಡಿತ ತಪ್ಪುತ್ತೆ. ಮೇಲೇ ಲಿವರನ್ನ ಎಂ ಕಡೆ ತಳ್ಳಿ, ಮೈನಸ್ ಒತ್ತಿ 2 ಅಂತ ಮೀಟರ್‌ನಲ್ಲಿ ಕಂಡ ಮೇಲೆ ಇಳಿಯಿರಿ. ಸಿವಿಟಿ (ಬೆಲ್ಟ್ ಥರದ ಆಟೋಮ್ಯಾಟಿಕ್) ಆದ್ರೆ ಎಲ್ ಅಥವಾ ಎಸ್. ಹತ್ತುವಾಗ ಟ್ರಾಫಿಕ್ ನಿಂತ್ರೆ ಎಎಂಟಿ, ಡಿಸಿಟಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಎರಡರಲ್ಲೂ ಆಕ್ಸಿಲರೇಟರ್ ಕೊಟ್ಟು ಗಾಡೀನ ಇಳಿಜಾರಲ್ಲಿ ಹಿಡಿದು ನಿಲ್ಲಿಸಬೇಡಿ. ಒಳಗೆ ಕ್ಲಚ್ ಇದೆ, ಅದು ಸವೀತಾ ಇರುತ್ತೆ. ಬ್ರೇಕ್ ಅಥವಾ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿ. ಹಿಲ್ ಹೋಲ್ಡ್ (ಬ್ರೇಕಿಂದ ಕಾಲು ತೆಗೆದಾಗ ಗಾಡಿ ಹಿಂದಕ್ಕೆ ಉರುಳದ ಹಾಗೆ ತಡೆಯೋದು) ಹಿಡಿದಿಡೋದು ಎರಡು ಸೆಕೆಂಡಿನಷ್ಟು, ಅದನ್ನ ನಂಬಿ ಫೋನ್ ನೋಡಬೇಡಿ.

ಎಲೆಕ್ಟ್ರಿಕ್ ಗಾಡಿ ಇರೋರಿಗೆ: ಬ್ಯಾಟರಿ ತುಂಬಿದ್ರೆ ರೀಜೆನ್ (ಮೋಟರ್ ಗಾಡೀನ ಹಿಡಿದು ಬ್ಯಾಟರಿ ತುಂಬಿಸೋದು) ಕಡಿಮೆಯಾಗುತ್ತೆ ಅಥವಾ ನಿಲ್ಲುತ್ತೆ, ಆ ಶಕ್ತಿ ಇಡೋಕೆ ಜಾಗ ಬೇಕಲ್ಲ. ಬೆಟ್ಟದ ಮೇಲೆ ಉಳಿದುಕೊಂಡು ಚಾರ್ಜ್ ಹಾಕಿದ್ರೆ 100ಕ್ಕೆ ತುಂಬಿಸಬೇಡಿ.

---

ಶಿಡ್ಲಘಟ್ಟ_ರೇಷ್ಮೆ:

ಒಂದು ಸೇರಿಸ್ತೀನಿ. ಹತ್ತುವಾಗ ವಾಸನೆ ಬಂದ್ರೆ ಕ್ಲಚ್, ಇಳಿಯುವಾಗ ಬಂದ್ರೆ ಬ್ರೇಕ್. ಮೂಗಿಗೆ ಎರಡೂ ಒಂದೇ ಥರ ಅನ್ನಿಸೋದ್ರಿಂದ ಈ ಗುರುತು ಇಟ್ಕೊಳ್ಳಿ. ಹೊಸ ಪ್ಯಾಡ್ ಹಾಕಿದ ಮೊದಲ ಬೆಟ್ಟದಲ್ಲಿ ಸ್ವಲ್ಪ ವಾಸನೆ ಸಹಜ, ಪ್ಯಾಡಿನ ಅಂಟು ಕಾಯೋದು.

ಇಳಿಯುವಾಗ ಪೆಡಲ್ ಪೂರ್ತಿ ಹೋಯ್ತು ಅಂದ್ರೆ: ಬೇಗಬೇಗ ಪಂಪ್ ಮಾಡಿ, ಎರಡನೇ ಗೇರ್, ಆಮೇಲೆ ಒಂದನೇ ಗೇರ್, ಹ್ಯಾಂಡ್‌ಬ್ರೇಕನ್ನ ಬಟನ್ ಒತ್ತಿ ಹಿಡಿದೇ ಸ್ವಲ್ಪ ಸ್ವಲ್ಪ ಎಳೆಯಿರಿ. ಗಬಕ್ಕನೆ ಎಳೆದ್ರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗುತ್ತೆ. ಎಂಜಿನ್ ಆಫ್ ಮಾಡಲೇಬೇಡಿ: ಬೂಸ್ಟರ್‌ನಲ್ಲಿ ಉಳಿದಿರೋ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಮುಗಿಯುತ್ತೆ, ಸ್ಟೀರಿಂಗ್ ಭಾರ ಆಗುತ್ತೆ, ಕೀ ಎಳೆದ್ರೆ ಲಾಕೇ ಆಗುತ್ತೆ. ಕಣಿವೆ ಕಡೆಗಲ್ಲ, ಗುಡ್ಡದ ಕಡೆಗೆ ಒರಗಿಸಿ.

---

ಸ್ಪ್ಯಾನರ್_ಹತ್ತು:

ಆಯಿಲ್ ಕೆಲಸ ಎಲ್ಲಿ ಮಾಡಿಸಿದರೂ ನಿಂತು ನೋಡಿ. "ಬದಲಿಸಿದೀವಿ" ಅಂದು ಬಾನೆಟ್ ಕೆಳಗಿರೋ ಬ್ರೇಕ್ ಆಯಿಲ್ ಡಬ್ಬಿಯದು ಮಾತ್ರ ಸಿರಿಂಜಲ್ಲಿ ಎಳೆದು ಹೊಸದು ತುಂಬಿಸಿರೋದು ತುಂಬಾ ಕಡೆ ನಡೆಯುತ್ತೆ. ಕುದಿಯೋದು ಡಬ್ಬಿಯಲ್ಲಲ್ಲ, ಕ್ಯಾಲಿಪರ್‌ನಲ್ಲಿ. ಅಲ್ಲಿರೋ ಹಳೇದು ಹೊರಬರಬೇಕು.

ಬೇಕಾಗೋದು: ಡಾಟ್ 4, ಸೀಲ್ ಒಡೆಯದ ಡಬ್ಬಿ, ಅರ್ಧ ಲೀಟರಿನದು ಎರಡು ತಂದಿಟ್ಕೊಳ್ಳಿ, ಒಂದೂವರೆಯಲ್ಲಿ ಮುಗಿಯಬಹುದು. ತೆರೆದು ಇಟ್ಟಿದ್ದ ಡಬ್ಬಿ ಬೇಡ, ಅದೂ ತೇವ ಕುಡಿದಿರುತ್ತೆ. ಗಾಡಿಯಲ್ಲಿರೋ ಡಬ್ಬಿ ಮುಚ್ಚಳದ ಮೇಲೆ ಡಾಟ್ 3 ಅಂತ ಬರೆದಿದ್ರೂ ಡಾಟ್ 4 ಹಾಕಬಹುದು. ಡಾಟ್ 4 ಬರೆದಿರೋ ಕಡೆ 3 ಹಾಕಬಾರದು. ಡಾಟ್ 5 ಸಿಲಿಕೋನಿನದು, ಅದನ್ನ ಇದರ ಹತ್ತಿರವೂ ತರಬೇಡಿ. ಚಕ್ರದ ಹತ್ತಿರ ಆಯಿಲ್ ಹೊರಬಿಡೋ ನಿಪ್ಪಲ್‌ಗೆ 8 ಅಥವಾ 10ರ ರಿಂಗ್ ಸ್ಪ್ಯಾನರ್. ಓಪನ್ ಸ್ಪ್ಯಾನರ್ ಹಾಕಿ ಮೂಲೆ ಉರುಟಿಸಿಕೊಂಡ್ರೆ ಕ್ಯಾಲಿಪರ್ರೇ ಬಿಚ್ಚಬೇಕಾಗುತ್ತೆ. ಒಂದು ಪಾರದರ್ಶಕ ಪೈಪು, ಒಂದು ಖಾಲಿ ಬಾಟ್ಲಿ, ತಳದಲ್ಲಿ ಸ್ವಲ್ಪ ಹೊಸ ಆಯಿಲ್, ಪೈಪಿನ ತುದಿ ಅದರಲ್ಲಿ ಮುಳುಗಿರಲಿ.

ಮೊದಲು ಗಾಡಿಯ ಡಬ್ಬಿಯಲ್ಲಿರೋ ಕರೀ ಆಯಿಲ್ ಎಳೆದು ಹೊಸದು ತುಂಬಿ. ಆಮೇಲೆ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಶುರು. ನಮ್ಮ ಬಲಗೈ ಸ್ಟೀರಿಂಗ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದೆ ಎಡ, ಹಿಂದೆ ಬಲ, ಮುಂದೆ ಎಡ, ಮುಂದೆ ಬಲ. ಕೆಲವು ಗಾಡಿಗೆ ಕ್ರಮ ಬೇರೆ ಇರುತ್ತೆ, ಮ್ಯಾನುಯಲ್ ಹೇಳಿದ್ದೇ ಕೊನೆ ಮಾತು. ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ಬರು ನಿಪ್ಪಲ್ ಕಾಲು ಸುತ್ತು ಬಿಚ್ಚಬೇಕು, ಆಯಿಲ್ ಬರುತ್ತೆ, ಪೆಡಲ್ ಕೆಳಗೆ ಹೋಗುತ್ತೆ, ನಿಪ್ಪಲ್ ಮುಚ್ಚಬೇಕು, *ಆಮೇಲೆ* ಕಾಲು ತೆಗೀಬೇಕು. ಈ ಕೊನೆಯ ಎರಡು ಹಿಂದುಮುಂದಾದ್ರೆ ಗಾಳಿ ಒಳಕ್ಕೆ. ಪೈಪಲ್ಲಿ ಕಾಫಿ ಬಣ್ಣ ಹೋಗಿ ತಿಳಿ ಹಳದಿ ಬಂದು, ಗುಳ್ಳೆ ನಿಂತ ಮೇಲೆ ಮುಂದಿನ ಚಕ್ರ. ಪೆಡಲನ್ನ ನೆಲಕ್ಕೆ ಬಡಿಯೋವರೆಗೆ ಒತ್ತಬೇಡಿ, ಕೆಳಗೊಂದು ಮರದ ತುಂಡು ಇಡಿ. ಹಳೇ ಮಾಸ್ಟರ್ ಸಿಲಿಂಡರ್‌ನಲ್ಲಿ ಸೀಲ್ ದಿನಾ ಓಡಾಡದ ಜಾಗದಲ್ಲಿ ಕೊಳೆ, ತುಕ್ಕು ಇರುತ್ತೆ, ಸೀಲ್ ಹರಿಯಬಹುದು.

ಡಬ್ಬಿ ಮಟ್ಟ ಮಿನಿಮಮ್ ಗೆರೆಗಿಂತ ಕೆಳಗೆ ಹೋಗೋ ಹಾಗಿಲ್ಲ. ಗಾಳಿ ಎಬಿಎಸ್ ಯೂನಿಟ್ ಒಳಗೆ ಸೇರಿದ್ರೆ ಕಂಪ್ಯೂಟರ್ ಹಾಕಿ ಪಂಪ್ ಓಡಿಸಿ ತೆಗೆಸಬೇಕಾಗುತ್ತೆ. ಬಣ್ಣದ ಮೇಲೆ ಆಯಿಲ್ ಚೆಲ್ಲಿದ್ರೆ ಒರೆಸೋದಲ್ಲ, ತಕ್ಷಣ ನೀರು ಸುರಿಯಿರಿ, ಪೇಂಟ್ ತಿನ್ನುತ್ತೆ.

ಬಲಗಡೆ ಪಿನ್: ಚಕ್ರ ಬಿಚ್ಚಿ, ಗಾಡಿ ಸ್ಟ್ಯಾಂಡ್ ಮೇಲೆ ಕೂರಿಸಿ (ಜಾಕಿ ನಂಬಿ ಕೆಳಗೆ ಕೈ ಹಾಕಬೇಡಿ), ಕ್ಯಾಲಿಪರ್ ಬೋಲ್ಟ್ ತೆಗೆದು ಕ್ಯಾಲಿಪರನ್ನ ತಂತಿಯಲ್ಲಿ ಕಟ್ಟಿ ಹಾಕಿ. ಹೋಸ್ ಮೇಲೆ ನೇತಾಡಿಸಬಾರದು. ಎರಡೂ ಪಿನ್ ಬೆರಳಲ್ಲಿ ಎಳೆದ್ರೆ ಜಾರಬೇಕು. ಜಾರದಿದ್ರೆ ಹೊರತೆಗೆದು ಹಳೇ ಗ್ರೀಸ್ ಒರೆಸಿ, ತುಕ್ಕು ಗುಳಿ ಬಿದ್ದಿದ್ರೆ ಪಿನ್ ಬದಲಿಸಿ, ರಬ್ಬರ್ ಬೂಟ್ ಹರಿದಿದ್ರೆ ಅದನ್ನೂ. ಹಾಕೋದು ಬ್ರೇಕ್ ಪಿನ್ನಿಗೇ ಅಂತ ಬರೋ ಸಿಲಿಕೋನ್ ಗ್ರೀಸ್, ತೆಳ್ಳಗೆ. ಬೇರಿಂಗ್ ಗ್ರೀಸ್ ಹಾಕಿದ್ರೆ ರಬ್ಬರ್ ಊದಿಕೊಂಡು ಆರು ತಿಂಗಳಲ್ಲಿ ಮತ್ತೆ ಜಾಮ್. ಪಿನ್ ಸಡಿಲವಾಗಿದ್ದೂ ಚಕ್ರ ಹಿಡೀತಿದ್ರೆ ಪಿಸ್ಟನ್ ಹಿಂದಕ್ಕೆ ಹೋಗ್ತಿಲ್ಲ ಅಂತ ಅರ್ಥ, ಕ್ಯಾಲಿಪರ್ ಕಿಟ್ ಬೇಕು.

ಹಿಂದಿನ ಡ್ರಮ್ ಮರೀಬೇಡಿ. ತೆಗೆದು ಧೂಳು ತೆಗೆಸಿ (ಗಾಳಿ ಊದಬೇಡಿ, ಬ್ರೇಕ್ ಕ್ಲೀನರ್ ಹಾಕಿ ತೊಳೆಯಿರಿ), ವೀಲ್ ಸಿಲಿಂಡರ್ ಬೂಟ್ ಎತ್ತಿ ಒದ್ದೆ ಇದೆಯಾ ನೋಡಿ, ಅಡ್ಜಸ್ಟರ್ ತಿರುಗುತ್ತಾ ನೋಡಿ. ಹಿಂದಿನದು ಸರಿಯಾಗಿ ಹಿಡಿಯದಿದ್ರೆ ಆ ಪಾಲೂ ಮುಂದಿನ ಡಿಸ್ಕಿನ ತಲೆ ಮೇಲೆ ಬೀಳುತ್ತೆ.

ಎರಡು ವರ್ಷ ಅಥವಾ 40,000 ಕಿ.ಮೀ., ಯಾವುದು ಮೊದಲು ಬಂದ್ರೆ ಆಗ ಆಯಿಲ್ ಬದಲಿಸಿ. ಓಡದೆ ನಿಂತ ಗಾಡಿಗೂ ಇದೇ ಲೆಕ್ಕ, ತೇವ ಹೀರೋಕೆ ಗಾಡಿ ಓಡಬೇಕಾಗಿಲ್ಲ.

---

ತುಮಕೂರು_ಮೂರನೇಗೇರು:

ಎಲ್ಲರಿಗೂ ಧನ್ಯವಾದ. ನೋಡಿಸಿದೆ. ನಿಪ್ಪಲಿಂದ ಬಂದ ಆಯಿಲ್ ಫಿಲ್ಟರ್ ಕಾಫಿ ಡಿಕಾಕ್ಷನ್ ಥರ ಇತ್ತು. ಬಲಗಡೆ ಕೆಳಗಿನ ಪಿನ್ ಅಲ್ಲಾಡ್ತಿರಲಿಲ್ಲ, ಆ ಕಡೆ ಒಳಗಿನ ಪ್ಯಾಡ್ 2.5 ಮಿ.ಮೀ., ಎಡಗಡೆ 5 ಮಿ.ಮೀ. ಡಿಸ್ಕ್ ಕನಿಷ್ಠಕ್ಕಿಂತ ಒಂದು ಮಿಲಿಮೀಟರ್‌ಗೂ ಹೆಚ್ಚು ದಪ್ಪ ಇದೆ. ಆಯಿಲ್, ಪಿನ್, ಪ್ಯಾಡ್ ಮಾತ್ರ ಮಾಡಿಸ್ತಿದೀನಿ.

ಇನ್ನೆರಡು ಸಂದೇಹ: ತೂತು ಕೊರೆದ ಡಿಸ್ಕ್, ರೇಸಿಂಗ್ ಪ್ಯಾಡ್ ಹಾಕಿದ್ರೆ ಬೆಟ್ಟಕ್ಕೆ ಒಳ್ಳೇದಾ? ಡಾಟ್ 5.1 ಇನ್ನೂ ಹೆಚ್ಚು ಶಾಖ ತಡಿಯುತ್ತಂತೆ?

---

ಬಲಗಾಲು_ಹಗುರ:

ಬೇಡ, ಬೇಡ. ರೇಸಿಂಗ್ ಪ್ಯಾಡ್ ಕಾಯ್ದ ಮೇಲೆ ಹಿಡಿಯೋಕೆ ಅಂತ ಮಾಡಿರೋದು. ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ಹಂಪಲ್ಲಿ ಒತ್ತಿದಾಗ ನಿಮಗೆ ಬೇಕಾದ ಹಿಡಿತ ಅದರಲ್ಲಿ ಇರಲ್ಲ. ಕಿರುಚುತ್ತೆ, ಡಿಸ್ಕೂ ತಿನ್ನುತ್ತೆ. ತೂತಿನ ಡಿಸ್ಕ್ ಚೆನ್ನಾಗಿ ಕಾಣುತ್ತೆ ನಿಜ, ಆದ್ರೆ ಶಾಖ ಹೊರೋದು ಲೋಹದ ತೂಕ, ತೂತು ಕೊರೆದಷ್ಟೂ ಲೋಹ ಕಡಿಮೆ. ಅಗ್ಗದ ಡಿಸ್ಕಲ್ಲಿ ಬಿರುಕು ಶುರುವಾಗೋದೂ ಆ ತೂತಿನ ಅಂಚಿಂದಲೇ. ಕಂಪನಿ ಪ್ಯಾಡ್, ಕಂಪನಿ ಡಿಸ್ಕ್, ಹೊಸ ಡಾಟ್ 4, ಎರಡನೇ ಗೇರ್. ನಂದಿಬೆಟ್ಟಕ್ಕೆ ಇದಕ್ಕಿಂತ ಹೆಚ್ಚಿನದು ಕೇಳೋರು ಅಂಗಡಿಯವರು ಮಾತ್ರ.

5.1 ಹೊಸದಿದ್ದಾಗ 260, ನೀರು ಸೇರಿದಾಗ 180. ಹಾಕಬಹುದು, ತಪ್ಪಿಲ್ಲ. ಆದ್ರೆ ಅದೂ ತೇವ ಹೀರುತ್ತೆ. ನಾಲ್ಕು ವರ್ಷದ 5.1ಕ್ಕಿಂತ ಹೊಸ ಡಾಟ್ 4 ಮೇಲು.

ಹೊಸ ಪ್ಯಾಡ್ ಕೂರಿಸೋದು ಹೀಗೆ: ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಮಧ್ಯಮ ಬಲದಲ್ಲಿ ಇಳಿಸಿ, ಬಿಡಿ, ಅರ್ಧ ನಿಮಿಷ ಓಡಿಸಿ ಆರಿಸಿ, ಮತ್ತೆ ಇಳಿಸಿ. ಇಪ್ಪತ್ತು ಮೂವತ್ತು ಸಲ. ಕಾಯ್ದಿರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬೇಡಿ, ಪ್ಯಾಡಿನ ಅಚ್ಚು ಡಿಸ್ಕ್ ಮೇಲೆ ಒಂದೇ ಜಾಗದಲ್ಲಿ ಕೂತು ಆಮೇಲೆ ಸ್ಟೀರಿಂಗ್ ನಡುಗೋಕೆ ಶುರು ಆಗುತ್ತೆ. ಜನ ಅದನ್ನೇ "ಡಿಸ್ಕ್ ಬೆಂಡ್" ಅಂತಾರೆ. ಕಾಯ್ದ ಡಿಸ್ಕಿಗೆ ನೀರು ಹೊಡೆಯೋದು ಇನ್ನೂ ಕೆಟ್ಟದ್ದು. ಬುಡದಲ್ಲಿ ನಿಲ್ಲಿಸಿ ಬಾಟ್ಲಿ ನೀರು ಸುರಿಯೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಕಾಯ್ದಿದ್ರೆ ನಿಲ್ಲಿಸೋಕಿಂತ ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಮುಟ್ಟದೆ ನಾಲ್ಕೈದು ಕಿಲೋಮೀಟರ್ ಓಡಿಸಿ, ಬೇಗ ಆರುತ್ತೆ. ಇದು ಪೆಡಲ್ ಗಟ್ಟಿ ಇದ್ದಾಗ ಮಾತ್ರ, ಮೆತ್ತಗಾಗಿದ್ರೆ ನಿಂತು ಆರಿಸಿಯೇ ಹೊರಡಿ.

---

ಕೋಲಾರ_ಕೆಂಪುಮಣ್ಣು:

ಬಿಸಿ ವಿಷಯ ಬಂತಲ್ಲ, ಇದನ್ನೂ ಇಲ್ಲೇ ಹೇಳಿಬಿಡ್ತೀನಿ. ಸುಗ್ಗಿ ಹೊತ್ತಲ್ಲಿ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಜಿಲ್ಲೆಯ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ, ತೊಗರಿ ಹಾಸಿ ಒಕ್ಕಣೆ ಮಾಡ್ತಾರೆ. ಒಣಗಿದ ಸೊಪ್ಪೆ ಮೇಲೆ ಬ್ರೇಕ್ ಹಾಕಿದ್ರೆ ಟೈರಿಗೆ ರಸ್ತೆ ಸಿಗಲ್ಲ, ಕಾಳು ಗೋಲಿ ಥರ ಉರುಳುತ್ತೆ; ಎಬಿಎಸ್ ಇದ್ರೂ ಗಾಡಿ ಜಾರ್ತಾನೇ ಹೋಗುತ್ತೆ. ಅದಕ್ಕಿಂತ ದೊಡ್ಡ ಅಪಾಯ ಕೆಳಗಿರೋದು. ಹುರುಳಿ ಬಳ್ಳಿ ಉದ್ದ, ಡ್ರೈವ್ ಶಾಫ್ಟ್‌ಗೆ (ಚಕ್ರ ತಿರುಗಿಸೋ ದಂಡ) ಹಗ್ಗದ ಹಾಗೆ ಸುತ್ತಿಕೊಳ್ಳುತ್ತೆ. ಸೈಲೆನ್ಸರ್ ಪೈಪು, ಕ್ಯಾಟಲಿಟಿಕ್ ಕನ್ವರ್ಟರ್ ಮೈ ನೂರಾರು ಡಿಗ್ರಿ ಇರುತ್ತೆ, ಒಣ ಹೊಟ್ಟು ತಾಗಿದ್ರೆ ಹೊತ್ತಿಕೊಳ್ಳುತ್ತೆ.

ದೂರದಿಂದ ಕಂಡ ಕೂಡಲೇ ವೇಗ ಇಳಿಸಿ. ಅಂಚಲ್ಲಿ ಬರಿ ರಸ್ತೆ ಇದ್ರೆ ಅಲ್ಲಿಂದ ಹೋಗಿ. ಇಲ್ಲದಿದ್ರೆ ಎರಡನೇ ಗೇರಲ್ಲಿ ಒಂದೇ ಸಮ ದಾಟಿ, ಅದರ ಮೇಲೆ *ನಿಲ್ಲಿಸಬೇಡಿ*. ದಾಟಿದ ಮೇಲೆ ಖಾಲಿ ಜಾಗದಲ್ಲಿ ಎಂಜಿನ್ ಆಫ್ ಮಾಡಿ ಟಾರ್ಚ್ ಹಾಕಿ ಕೆಳಗೆ ನೋಡಿ. ಶಾಫ್ಟಿಗೆ ಸುತ್ತಿದ್ದನ್ನ ಜಗ್ಗಬೇಡಿ, ಕತ್ತರಿಸಿ ತೆಗೆಯಿರಿ. ಎಳೆದ್ರೆ ಶಾಫ್ಟಿನ ರಬ್ಬರ್ ಬೂಟ್ ಹರಿಯುತ್ತೆ, ಎಬಿಎಸ್ ಸೆನ್ಸರ್ ವೈರೂ ಕಿತ್ತು ಬರುತ್ತೆ. ಬೆಟ್ಟ ಇಳಿದ ಕೂಡಲೇ ಒಣ ಹುಲ್ಲಿನ ಮೇಲೆ ಪಾರ್ಕ್ ಮಾಡೋದೂ ಇದೇ ಲೆಕ್ಕಕ್ಕೆ ಬರುತ್ತೆ. ಬೆಂಕಿ ಆರಿಸೋ ಒಂದು ಕೆ.ಜಿ. ಎಬಿಸಿ ಪೌಡರ್ ಸಿಲಿಂಡರ್ ಡಿಕ್ಕಿಯಲ್ಲಲ್ಲ, ಡ್ರೈವರ್ ಕೈಗೆ ಸಿಗೋ ಕಡೆ ಇಡಿ.

---

ಮಧುಗಿರಿ_ಮೈಲೇಜ್:

ಹುರುಳಿ ಮಾತು ನೂರಕ್ಕೆ ನೂರು. ನ್ಯೂಟ್ರಲ್ ವಿಷಯದಲ್ಲಿ ಬೆಟ್ಟಕ್ಕೆ ಮಾತ್ರ ಸೋತೆ. ಸಿರಾ ರೋಡಿಗೆ ನನ್ನ ಮಾತು ನನಗೇ ಇರಲಿ.

---

ಸ್ಪ್ಯಾನರ್_ಹತ್ತು:

@ತುಮಕೂರು_ಮೂರನೇಗೇರು ಸರ್, ಪ್ಯಾಡ್ ಎರಡೂ ಕಡೆ ಬದಲಿಸಿ, ಒಂದೇ ಕಡೆ ಹಾಕಿದ್ರೆ ಬ್ರೇಕ್ ಒಂದು ಪಕ್ಕಕ್ಕೆ ಎಳೆಯುತ್ತೆ. ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಡಬ್ಬಿ ಮುಚ್ಚಳ ತೆಗೆದು ಮಟ್ಟ ನೋಡ್ತಾ ಇರಿ. ಪ್ಯಾಡ್ ಸವೆದಿದ್ದಾಗ ಟಾಪ್‌ಅಪ್ ಮಾಡಿದ್ರೆ ಈಗ ಅದು ಉಕ್ಕಿ ಹೊರಗೆ ಬರುತ್ತೆ.

ಇನ್ನೊಂದು, ಗಾಡಿ ಗ್ಯಾರೇಜಿಂದ ತೆಗೆಯೋ ಮೊದಲು: ಪಿಸ್ಟನ್ ಹಿಂದಕ್ಕೆ ಹೋಗಿರೋದ್ರಿಂದ ಮೊದಲ ಸಲ ಒತ್ತಿದ ಪೆಡಲ್ ಸೀದಾ ನೆಲಕ್ಕೆ ಹೋಗುತ್ತೆ, ಬ್ರೇಕೇ ಇರಲ್ಲ. ಸ್ಟಾರ್ಟ್ ಮಾಡಿ, ಗೇರ್ ಹಾಕೋಕೆ ಮುಂಚೆ ನಿಂತಲ್ಲೇ ಪೆಡಲ್ ಗಟ್ಟಿಯಾಗೋವರೆಗೆ ಮೆಲ್ಲಗೆ ಒತ್ತಿ ಒತ್ತಿ ಬಿಡಿ, ಆಮೇಲೆ ಡಬ್ಬಿ ಮಟ್ಟ ಮತ್ತೊಮ್ಮೆ ನೋಡಿ, ಮ್ಯಾಕ್ಸ್ ಗೆರೆಯವರೆಗೆ ತುಂಬಿ ಹೊರಡಿ.